ಎಂಟು ಮೂಲೆಯ ಪಾಸ್ತೆಲಿತೊ

ಮೊದಲು ಹಿಟ್ಟಿಗೆ ಏಟು ಬೀಳಬೇಕು. ಕೆಲಸಕ್ಕಿದ್ದ ಹರಿಕೃಷ್ಣ ಹೇಳಿದ ಈ ಮಾತನ್ನು ಶಿರೀಷಾ ಸ್ವಲ್ಪ ಹೆಚ್ಚಾಗಿಯೇ ನಂಬಿದ್ದಳು. ಚಿಂತಾಮಣಿಯ ತನ್ನ ಪುಟ್ಟ ಬೇಕರಿಯ ಅಡುಗೆಮನೆಯಲ್ಲಿ ಮೈದಾ ಮುದ್ದೆಯನ್ನು ಎತ್ತಿ ಎತ್ತಿ ಕಲ್ಲಿನ ಮೇಲೆ ಅಪ್ಪಳಿಸುತ್ತಿದ್ದಳು.

"ನನ್ ಮೇಲಿನ ಸಿಟ್ಟನ್ನ ಅದರ ಮೇಲೆ ಯಾಕ್ ತೀರಿಸ್ಕೋತೀರಾ ಮೇಡಂ?"

"ಸಿಟ್ಟು ಅಂತ ಯಾರು ಹೇಳಿದ್ದು?"

"ಬೆಳಗ್ಗೆಯಿಂದ ಒಂದ್ಸಲಾನೂ ನನ್ ಮುಖ ನೋಡಿಲ್ಲ."

ನೋಡಿದಳು. ಅವನ ಹುಬ್ಬಿಗೆ ಮೈದಾ ಮೆತ್ತಿತ್ತು. ಒರೆಸಲು ಹೊರಟ ಹಾಳಾದ ಕೈಯನ್ನು ಸಮಯಕ್ಕೆ ಸರಿಯಾಗಿ ಹಿಂದಕ್ಕೆಳೆದುಕೊಂಡಳು.

ಅದು ಸಿಟ್ಟಲ್ಲ, ಭಯ. "ನಾಳೆ ಮದ್ವೆ ವಿಷ್ಯ ನಿಮ್ಮಣ್ಣನ್ನ ನೇರವಾಗಿ ಕೇಳ್ತೀನಿ" ಎಂದು ಹಿಂದಿನ ದಿನ ಹರಿಕೃಷ್ಣ ಹೇಳಿಬಿಟ್ಟಿದ್ದ. ಬೇಡ ಅಂದರೆ ನಕ್ಕಿದ್ದ. ಅಣ್ಣ ಚಿರಂಜೀವಿ ಎಂಥವನೆಂದು ಮೈಸೂರಿನಿಂದ ಬಂದವನಿಗೇನು ಗೊತ್ತು? ಮೂರು ವರ್ಷದ ಹಿಂದೆ ಶಿರೀಷಾಳಿಗೆ ಪತ್ರ ಬರೆದ ಮೇಷ್ಟ್ರೊಬ್ಬರ ಕಾಲನ್ನು ಚಿರಂಜೀವಿ ಅಂಬಾಜಿದುರ್ಗದ ದಾರಿಯಲ್ಲಿ ಮುರಿದಿದ್ದ. ಪೊಲೀಸರು ಕೇಳಿದಾಗ ಅವಳು "ನನಗೇನೂ ಗೊತ್ತಿಲ್ಲ" ಅಂದಿದ್ದಳು. ಆ ಮೇಷ್ಟ್ರು ಇಂದಿಗೂ ಕುಂಟುತ್ತಾರೆ. ಆ ಸುಳ್ಳಿಗೆ ಅವಳು ತನ್ನನ್ನು ತಾನು ಕ್ಷಮಿಸಿಕೊಂಡಿರಲಿಲ್ಲ.

ಬೇಕರಿಗೆ ಕೆಲಸಕ್ಕೆ ಬರುವ ಮುಂಚೆ ಹರಿಕೃಷ್ಣ ಐದು ವರ್ಷ ಹಡಗಿನ ಅಡುಗೆಮನೆಯಲ್ಲಿ ದುಡಿದವನು. ಅಲ್ಲಿ ಅರ್ಜೆಂಟೀನಾದ ಮುದುಕನೊಬ್ಬ ಅವನಿಗೆ ಪಾಸ್ತೆಲಿತೊ ಎಂಬ ಈ ಕರಿದ ಸಿಹಿತಿಂಡಿ ಕಲಿಸಿದ್ದ. ಅವರ ಊರಲ್ಲಿ ಒಳಗೆ ಕ್ವಿನ್ಸ್ ಎಂಬ ಹಣ್ಣಿನ ಗಟ್ಟಿ ಪಾಕ ಇಡುತ್ತಾರಂತೆ. ಇಲ್ಲಿ ಸೀಬೆಹಣ್ಣಿನ ಹಲ್ವ. ತುಪ್ಪ ಸವರಿ, ಮಡಿಸಿ ಮಡಿಸಿ ಲಟ್ಟಿಸಿದ ಹಿಟ್ಟನ್ನು ಚೌಕವಾಗಿ ಕತ್ತರಿಸಿ, ಒಂದರ ಮೇಲೆ ಹಲ್ವ ಇಟ್ಟು, ಇನ್ನೊಂದನ್ನು ಓರೆಯಾಗಿ ಹೊದಿಸಿದರೆ ಎಂಟು ಮೂಲೆ.

"ಮೂಲೆ ಒತ್ತಬೇಡಿ, ಹಲ್ವದ ಸುತ್ತ ಮಾತ್ರ," ಎಂದು ಅವಳ ಬೆರಳಿನ ಮೇಲೆ ತನ್ನ ಬೆರಳಿಟ್ಟ. "ಮೂಲೆ ಬಿಟ್ರೇನೇ ಎಣ್ಣೇಲಿ ಹೂವಿನ ಥರ ಅರಳೋದು."

"ಗೊತ್ತಾಯ್ತು. ಕೈ ತೆಗೀಬಹುದು."

"ಇನ್ನೂ ಸರಿಯಾಗಿ ಅಂಟಿಲ್ಲ."

ಅಂಟಿತ್ತು. ಅದು ಇಬ್ಬರಿಗೂ ಗೊತ್ತಿತ್ತು.

ಒಲೆಯ ಮೇಲೆ ಎರಡು ಬಾಣಲೆ. ಪದರ ಬಿಚ್ಚಿಕೊಳ್ಳಲು ಹದವಾಗಿ ಕಾದ ಎಣ್ಣೆ, ಆಮೇಲೆ ಗರಿಗರಿಯಾಗಲು ಚೆನ್ನಾಗಿ ಕಾದ ಎಣ್ಣೆ. ಶಿರೀಷಾ ಎರಡನೆಯದರಲ್ಲಿ ಜಾಲರಿ ಸೌಟು ಆಡಿಸುತ್ತಿದ್ದಾಗ ಚಿರಂಜೀವಿ ಒಳಗೆ ಬಂದ.

ಹರಿಕೃಷ್ಣ ಕೈ ಒರೆಸಿಕೊಂಡು ನೆಟ್ಟಗೆ ನಿಂತ. "ಅಣ್ಣಾ, ನಿಮ್ ತಂಗೀನ ನನಗೆ ಕೊಡ್ತೀರಾ?"

"ಕೊಡ್ತಾ," ಅಂದ ಚಿರಂಜೀವಿ. "ಇಪ್ಪುಡೇ ಕೊಡ್ತಾ."

ಚಿಂತಾಮಣಿಯವರ ಬಾಯಲ್ಲಿ ಕನ್ನಡ ಅರ್ಧ, ತೆಲುಗು ಅರ್ಧ. ತೆಲುಗಿನಲ್ಲಿ ಇಪ್ಪುಡೇ ಅಂದರೆ ಈಗಲೇ, ಕೊಡ್ತಾ ಅಂದರೆ ಹೊಡೀತೀನಿ. ನಮ್ಮ ಮೈಸೂರಿನ ಪುಣ್ಯಾತ್ಮ ಅದನ್ನು ಕನ್ನಡದಲ್ಲೇ ಕೇಳಿಸಿಕೊಂಡು, ಮುಖವೆಲ್ಲ ನಗುವಾಗಿ ಕಾಲಿಗೆ ಬೀಳಲು ಬಗ್ಗಿದ.

"ಹರೀ, ಬೇಡ!"

ಅವಳು ಕೂಗುವಷ್ಟರಲ್ಲಿ ಚಿರಂಜೀವಿಯ ಮೊಣಕಾಲು ಅವನ ಬಾಯಿಗೆ ಬಡಿದಿತ್ತು. ಎರಡು ಹಲ್ಲು ಮೈದಾದಲ್ಲಿ ಬಿದ್ದವು. ಬಿದ್ದವನ ಪಕ್ಕೆಗೆ ಒದೆ, ಮತ್ತೆ ಒದೆ. ಜುಟ್ಟು ಹಿಡಿದೆತ್ತಿ ತಲೆಯನ್ನು ಗೋಡೆಗೆ ಗುದ್ದಿಸಿದ. ಆಮೇಲೆ ಅವನ ಬಲಗೈ ತಿರುಚಿ ಕಾದ ಬಾಣಲೆಯ ಕಡೆ ದರದರ ಎಳೆದ.

"ಈ ಕೈಲೇ ಅಲ್ವೇನೋ ಅಡುಗೆ ಮಾಡೋದು? ಇದನ್ನೇ ಕರೀತೀನಿ."

"ಬಿಡೋ ಅಣ್ಣಾ!"

"ಆಚೆ ಹೋಗೇ. ನೀನೇನೂ ನೋಡಿಲ್ಲ."

ಶಿರೀಷಾ ಕುದಿವ ಎಣ್ಣೆಯಿಂದ ಜಾಲರಿಯನ್ನೆತ್ತಿ ಅಣ್ಣನ ಮಣಿಕಟ್ಟಿಗೆ ಬಾರಿಸಿದಳು. ಚರ್ಮ ಚುರ್ರೆಂದಿತು. ಅವನು ಅರಚಿ ಕೈಬಿಟ್ಟ. ಇನ್ನೊಂದು ಏಟು ಭುಜಕ್ಕೆ ಬಿತ್ತು.

"ನೋಡಿದೀನಿ! ಎಲ್ಲಾ ನೋಡಿದೀನಿ. ಮೇಷ್ಟ್ರ ಕಾಲು ಮುರಿದಿದ್ದೂ ಸೇರಿಸಿ ಸ್ಟೇಷನ್ನಲ್ಲಿ ಹೇಳ್ತೀನಿ."

"ಒಡಹುಟ್ಟಿದೋನ ಮೇಲೆ ಕೈ ಮಾಡ್ತೀಯೇನೇ?"

"ಇನ್ನೊಂದು ಹೆಜ್ಜೆ ಇಟ್ರೆ ಬಾಣಲೇನೇ ಎತ್ತಿ ಹಾಕ್ತೀನಿ."

ಅವಳು ಹಾಕುತ್ತಾಳೆಂದು ಚಿರಂಜೀವಿಗೆ ಗೊತ್ತಾಯಿತು. "ನನ್ ಪಾಲಿಗೆ ನೀನು ಸತ್ತೆ," ಎಂದು ಉಗಿದು, ಕೈ ಹಿಡಿದುಕೊಂಡು ಹೊರಟುಹೋದ. ಹೆಗಲ ಮೇಲೆ ಹೊತ್ತು ಬೆಳೆಸಿದ ಅಣ್ಣ. ಅವಳು ಒಲೆ ಆರಿಸಿ ಹರಿಕೃಷ್ಣನ ಪಕ್ಕ ಕುಸಿದು ಕೂತಳು.

"ಕೊಡ್ತೀನಿ ಅಂದ್ರಲ್ಲ..." ಅವನ ಬಾಯಿಂದ ಮಾತಿಗಿಂತ ರಕ್ತವೇ ಹೆಚ್ಚು ಬರುತ್ತಿತ್ತು.

"ಹೊಡೀತೀನಿ ಅಂದ ಕಣೋ ದಡ್ಡ, ಅದು ತೆಲುಗು!"

ಅವನು ನಗಲು ಹೋಗಿ ನೋವಿಗೆ ಮುಖ ಕಿವುಚಿದ. ಅವಳು ದುಪಟ್ಟಾದಿಂದ ಅವನ ತುಟಿ ಒರೆಸುತ್ತಾ ಗಳಗಳ ಅತ್ತಳು.

"ಅವನನ್ನ ಯಾಕೆ ಕೇಳಿದೆ? ನಾನೇನು ಅವನ ಕೊಟ್ಟಿಗೆ ಹಸೂನಾ? ನನ್ನ ಕೇಳ್ಬೇಕಿತ್ತು."

"ನನ್ ಮದ್ವೆ ಆಗ್ತೀಯಾ?"

"ಮೊದ್ಲು ಆಸ್ಪತ್ರೆಗೆ ನಡಿ."

ಅವನ ತೋಳನ್ನು ಹೆಗಲಿಗೆ ಹಾಕಿಕೊಂಡು ಮುಂಬಾಗಿಲಿಗೆ ತಂದಳು. ಗಲಾಟೆ ಕೇಳಿ ಅರ್ಧ ಬೀದಿಯೇ ಅಲ್ಲಿ ನೆರೆದಿತ್ತು. ಮುಂದೆ ನಿಂತಿದ್ದ ಪಕ್ಕದ ಮನೆಯ ಅಕ್ಕಯ್ಯಮ್ಮ ಬಾಯಿಗೆ ಸೆರಗು ಒತ್ತಿಕೊಂಡರು.

"ಅಯ್ಯೋ ಶಿವನೇ! ಯಾರಮ್ಮ ಹಿಂಗೆ ಹೊಡ್ದಿದ್ದು? ಇವನು ನಿನಗೇನಾಗ್ಬೇಕು?"

ಶಿರೀಷಾ ಎಲ್ಲರ ಮುಖವನ್ನೂ ನೋಡಿದಳು. ಅವನ ಸೊಂಟವನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡಳು.

"ಹೊಡೆದಿದ್ದು ನಮ್ಮಣ್ಣ. ಇವನು ನನ್ನ ಗಂಡ ಆಗೋನು. ಒಂದು ಆಟೋ ಕರೀರಿ."