ಕೂವೆಮರಕ್ಕೆ ಗರಗಸವಿಟ್ಟ ಮಾಂಕಾಳಿ

ಬಹಳ ಬಹಳ ಹಿಂದೆ, ಕಡಲನ್ನೇ ಕೋಟೆ ಮಾಡಿಕೊಂಡ ನೀಲವತಿ ಎಂಬ ರಾಜ್ಯದಲ್ಲಿ ಮಾಂಕಾಳಿ ಎಂಬ ಹೆಂಗಸಿದ್ದಳು. ಕಪ್ಪೆ ಕಂಡರೂ ಚೀರುವ ಪುಕ್ಕಲಿ. ಅವಳ ಗಂಡ ಜಟ್ಟಯ್ಯನನ್ನು ಧೂಮಾಕ್ಷನೆಂಬ ಮಾಂತ್ರಿಕ ಹಿಡಿದು ಗುಹೆಯಲ್ಲಿ ಕೂಡಿಹಾಕಿದ. ಮೂರನೆಯ ದಿನ ಹೊತ್ತು ಮುಳುಗುವ ಮುಂಚೆ ಬಿಡಿಸದಿದ್ದರೆ ಜಟ್ಟಯ್ಯ ಕಲ್ಲಾಗುತ್ತಿದ್ದ.

ಗುಹೆಗೆ ನೀರಿನ ದಾರಿಯೊಂದೇ. ಆ ಸೆಳೆತದಲ್ಲಿ ಹುಟ್ಟು ಹಾಕಿ ಪ್ರಯೋಜನವಿಲ್ಲ, ಹಾಯಿಯೇ ಬೇಕು. ದಾರಿಯಲ್ಲಿ ಮೂರು ಕಲ್ಲುಬಾಗಿಲು, ಒಂದಕ್ಕಿಂತ ಒಂದು ಗಿಡ್ಡ. ಬಾಗಿಲುಗಳ ಸೂರಿನ ತುಂಬ ಕಲ್ಲಿನ ಹಾವುಗಳು ನಿದ್ದೆ ಮಾಡುತ್ತಿದ್ದವು. ಏನಾದರೂ ತಗುಲಿ ಅವು ಎಚ್ಚರಗೊಂಡರೆ ದೋಣಿಯೂ ಇಲ್ಲ, ದೋಣಿಯಲ್ಲಿದ್ದವರೂ ಇಲ್ಲ.

ಮನೆಯಲ್ಲಿದ್ದದ್ದು ಮಾವನ ಕಾಲದ ಹಳೆಯ ದೋಣಿ. ಅದರ ಕೂವೆಮರ, ಅಂದರೆ ಹಾಯಿ ಕಟ್ಟುವ ಕಂಬ, ತೆಂಗಿನಷ್ಟು ಎತ್ತರ. ಮಾಂಕಾಳಿ ಗರಗಸ ಎತ್ತಿಕೊಂಡದ್ದು ನೋಡಿ ಅತ್ತೆ ಅಡ್ಡ ಬಂದಳು.

"ಬೇಡ ಮಾರಾಯ್ತಿ! ಕೂವೆಮರ ಕೊಯ್ದ್ರೆ ಗಂಡನ ಆಯಸ್ಸು ಕೊಯ್ದ ಹಾಗೆ. ನಮ್ಮೂರಲ್ಲಿ ಯಾರೂ ಮಾಡಿದ್ದಿಲ್ಲ."

"ಕೊಯ್ಯುದಿಲ್ಲ ಅತ್ತೆ. ಇರಲಿ ಅಂತ ಇಟ್ಟುಕೊಂಡೆ, ಅಷ್ಟೇ" ಎಂದಳು ಮಾಂಕಾಳಿ. ದೋಣಿಯನ್ನು ನೀರಿಗೆ ನೂಕಿ ಒಬ್ಬಳೇ ಹೊರಟಳು.

ಮೊದಲ ಬಾಗಿಲು ಬಂತು. ಕೂವೆಮರದ ಬುಡದಡಿ ಎತ್ತರಕ್ಕೆಂದು ಕೊಟ್ಟಿದ್ದ ಮಣೆಗಳನ್ನು ಬಡಿದು ತೆಗೆದಳು. ಮರ ಮೂರು ಗೇಣು ಇಳಿಯಿತು. ದೋಣಿ ದಾಟಿತು.

ಎರಡನೆಯ ಬಾಗಿಲು ಬಂತು. ಮರವನ್ನು ಬಿಗಿದಿದ್ದ ಮುಂದಿನ ಹಗ್ಗ ಸಡಿಲಿಸಿ, ಹಿಂದಿನದನ್ನು ಎಳೆದು ಕಟ್ಟಿದಳು. ಮರ ಹಿಂದಕ್ಕೆ ವಾಲಿತು. ದೋಣಿ ದಾಟಿತು. ಹಾವಿನ ಬಾಲಕ್ಕೂ ಮರದ ತುದಿಗೂ ನಡುವೆ ಒಂದೇ ಬೆರಳು ಜಾಗವಿತ್ತು.

ಮೂರನೆಯ ಬಾಗಿಲು ಬಂತು. ತೆಗೆಯಲು ಮಣೆಯಿಲ್ಲ, ಇನ್ನೂ ವಾಲಿಸಿದರೆ ಹಾಯಿ ನಿಲ್ಲುವುದಿಲ್ಲ. ಒಳಗಿನಿಂದ ಜಟ್ಟಯ್ಯ ಕೂಗಿದ: "ಮಾಂಕಾಳೀ, ಸೊಂಟದವರೆಗೆ ಕಲ್ಲಾಯ್ತೇ!"

ಕೊಯ್ದರೂ ಗಂಡ ಸಾಯುತ್ತಾನೆ, ಕೊಯ್ಯದಿದ್ದರೂ ಸಾಯುತ್ತಾನೆ. ಅವಳಿಗೆ ಅಳು ಬಂತು. ಅಳುತ್ತಲೇ ಮರವನ್ನು ಒರಗಿಸಿ ಬುಡಕ್ಕೆ ಗರಗಸವಿಟ್ಟಳು. ಒಂದೊಂದು ಎಳೆತಕ್ಕೂ ಗುಹೆಯೊಳಗೆ ಯಾರೋ ನರಳಿದರು. "ಅಯ್ಯೋ, ನಾನೇ ಕೊಲ್ಲುತ್ತಿದ್ದೇನೆ" ಎಂದುಕೊಂಡಳು. ಆದರೂ ಕೈ ನಿಲ್ಲಿಸಲಿಲ್ಲ.

ಗಿಡ್ಡಮರ ನಿಲ್ಲಿಸಿ ಹಾಯಿ ಬಿಚ್ಚಿದಳು. ಆತುರದಲ್ಲಿ ಹಗ್ಗಗಳನ್ನು ಗಿಡ್ಡ ಮಾಡುವುದೇ ಮರೆತುಹೋಗಿತ್ತು. ಅವು ಜೋತುಬಿದ್ದವು, ಮರ ಓಲಾಡಿ ಹಾವಿಗೆ ತಗುಲಿತು. ಹಾವಿನ ಒಂದು ಕಣ್ಣು ತೆರೆಯಿತು. ಮಾಂಕಾಳಿ ಜೀವ ಕೈಯಲ್ಲಿ ಹಿಡಿದು ಎಡಕ್ಕೊಂದು, ಬಲಕ್ಕೊಂದು, ಮುಂದಕ್ಕೊಂದು ಹಗ್ಗ ಎಳೆದು ಗಂಟು ಬಿಗಿದಳು. ಮರ ನೆಟ್ಟಗಾಯಿತು. ಇನ್ನೊಂದು ಕಣ್ಣು ತೆರೆಯುವಷ್ಟರಲ್ಲಿ ದೋಣಿ ಒಳಗಿತ್ತು.

ಒಳಗೆ ನರಳುತ್ತಿದ್ದವನು ಜಟ್ಟಯ್ಯನಲ್ಲ, ಧೂಮಾಕ್ಷ! ನಡುವಿಗೆ ಸೀಳಿಹೋಗಿ ಬಿದ್ದಿದ್ದ.

"ಕೂವೆಮರ ಕೊಯ್ದರೆ ಗಂಡ ಸಾಯುತ್ತಾನೆಂಬ ಮಾತನ್ನು ನಿಮ್ಮೂರಲ್ಲಿ ಹಬ್ಬಿಸಿದವನೇ ನಾನು" ಎಂದು ಏದುಸಿರು ಬಿಟ್ಟ. "ನಿಮ್ಮ ಹೆದರಿಕೆಯಲ್ಲೇ ನನ್ನ ಜೀವ ಇಟ್ಟಿದ್ದೆ. ಅದನ್ನೇ ಕೊಯ್ದೆಯಲ್ಲೇ, ಹಾಳಾದವಳೇ!"

ಅಷ್ಟು ಹೇಳಿ ಬೂದಿಯಾದ, ಸೂರಿನ ಹಾವುಗಳೂ ಬೂದಿಯಾದವು. ಜಟ್ಟಯ್ಯನ ಕಲ್ಲುಕಾಲಿಗೆ ರಕ್ತ ಹರಿಯಿತು. ಹಿಂದೆಂದೋ ಕಲ್ಲಾಗಿದ್ದ ನೂರಾರು ದೋಣಿಗಾರರೂ ಮೈಮುರಿದು ಎದ್ದರು.

ಊರಿಗೆ ಊರೇ ನಲಿಯಿತು. ಮಾಂಕಾಳಿಯ ಅಳುಕು ಮಾತ್ರ ಪೂರ್ತಿ ಹೋಗಲಿಲ್ಲ. ಪ್ರತಿ ಬೆಳಿಗ್ಗೆ ಎದ್ದವಳೇ ಗಂಡನ ಮೂಗಿಗೆ ಬೆರಳು ಹಿಡಿದು ನೋಡುತ್ತಿದ್ದಳು.

"ಇದ್ದೇನೆ ಮಾರಾಯ್ತಿ, ಗಂಜಿ ಬಡಿಸು" ಎನ್ನುತ್ತಿದ್ದ ಜಟ್ಟಯ್ಯ.

ತೊಂಬತ್ತೆರಡು ವರ್ಷ ತುಂಬುವವರೆಗೂ ಹಾಗೇ ಎನ್ನುತ್ತಿದ್ದ.