ಫಾರಿನ್ ಉಡಕ್ಕೆ ರೇಷ್ಮೆ ಸೊಪ್ಪು

ಜನವರಿ ೧೯, ಸೋಮವಾರ. ವಸ್ತುಪ್ರದರ್ಶನದ ಮಾಲೀಕ ರಮೇಶ್‌ಬಾಬು ಚಿಕ್ಕಬಳ್ಳಾಪುರದ ಠಾಣೆಗೆ ಬಂದು, ತನ್ನ ಇಗ್ವಾನಾ ಕಳುವಾಗಿದೆ ಎಂದು ದೂರು ಕೊಟ್ಟ. ತೋಳುದ್ದದ ಹಸಿರು ಪ್ರಾಣಿ. ಜನರ ಬಾಯಲ್ಲಿ ಫಾರಿನ್ ಉಡ. ಹುಲಿ, ಕರಡಿ ಆಡಿಸಲು ಕಾನೂನು ಅಡ್ಡ ಬಂದ ಮೇಲೆ ಪ್ರದರ್ಶನದ ಡೇರೆಗಳು ಇಂಥವನ್ನು ತರಿಸಿಕೊಂಡಿದ್ದವು. ಟಿಕೆಟ್ ಕೊಂಡವರು ಅದನ್ನು ಹೆಗಲ ಮೇಲಿಟ್ಟುಕೊಂಡು ಸೆಲ್ಫಿ ತೆಗೆಯಬಹುದಿತ್ತು.

ಇನ್‌ಸ್ಪೆಕ್ಟರ್ ಕವಿತ ಎಫ್‌ಐಆರ್ ದಾಖಲಿಸಿ, ಪೇದೆ ಮುರಳಿಮೋಹನ್ ಜೊತೆ ಹೋಗಿ ಸ್ಥಳ ಪಂಚನಾಮೆ ಮಾಡಿದರು. ಬೋನಿನ ಬೀಗ ಒಡೆದಿರಲಿಲ್ಲ. ಪ್ರಾಣಿಯ ನೋಂದಣಿ ಪತ್ರಕ್ಕೆ ಲ್ಯಾಮಿನೇಷನ್ ಆಗಿತ್ತು. ಕೆಲಸಗಾರರ ಬಗ್ಗೆ ಒಂದು ಚೀಟಿಯೂ ಇರಲಿಲ್ಲ. ಬೋನು ತೊಳೆಯುವ ಅಮ್ಮಾಜಮ್ಮ ಅಂದು ಬಂದಿರಲಿಲ್ಲ. ಬೀಗದ ಕೈ ಅವಳ ಹತ್ತಿರವೇ ಇರುತ್ತಿತ್ತು.

"ಯಾವೂರಿನೋಳು?"

"ನಮ್ಮಪ್ಪನ ಕಾಲದಿಂದ ಡೇರೇಲೇ ಇದ್ದಾಳೆ, ಮೇಡಂ. ಊರು ಯಾರು ಕೇಳಿದ್ರು?"

ಅವಳ ತಮ್ಮ ವೆಂಕಟರಾಯಪ್ಪ ಶಿಡ್ಲಘಟ್ಟದ ಹತ್ತಿರ ರೇಷ್ಮೆ ಹುಳು ಸಾಕುತ್ತಾನೆಂದು ಟಿಕೆಟ್ ಹರಿಯುವ ಹೆಂಗಸು ತಿಳಿಸಿದಳು. ಮರುದಿನ ಬೆಳಿಗ್ಗೆ ಪೊಲೀಸರು ಹೋದಾಗ ಅವನು, ಅಕ್ಕ ಬಂದೇ ಇಲ್ಲ ಎಂದ. ರೇಷ್ಮೆ ಗೂಡೆಲ್ಲ ಶನಿವಾರವೇ ಮಾರುಕಟ್ಟೆಗೆ ಹೋಯಿತೆಂದು ಕೇಳದೆಯೇ ಹೇಳಿದ. ಹುಳುಮನೆ ಬಾಗಿಲಲ್ಲಿ ಆಗಷ್ಟೇ ಕೊಯ್ದ ಹಿಪ್ಪುನೇರಳೆ ಸೊಪ್ಪು ಬಿದ್ದಿತ್ತು. ಕವಿತ ಬೆಳೆದದ್ದೂ ಹುಳು ಸಾಕುವ ಮನೆಯಲ್ಲೇ.

"ಹುಳ ಎಲ್ಲಾ ಗೂಡು ಕಟ್ಟಿ ಹೋದ್ಮೇಲೆ ಈ ಸೊಪ್ಪು ಯಾರಿಗಪ್ಪ?"

ವೆಂಕಟರಾಯಪ್ಪ ಬಾಗಿಲು ಬಿಟ್ಟು ಪಕ್ಕಕ್ಕೆ ನಿಂತ.

ಒಳಗೆ ಹೀಟರ್ ಉರಿಯುತ್ತಿತ್ತು. ಹುಳು ಖಾಲಿಯಾದ ಅಗಲ ತಟ್ಟೆಯಲ್ಲಿ ಇಗ್ವಾನಾ ಸೊಪ್ಪು ಮೇಯುತ್ತಿತ್ತು, ಪಕ್ಕದಲ್ಲಿ ಅಮ್ಮಾಜಮ್ಮ. ಪ್ರಾಣಿಯ ಬಾಲದ ತುಂಬ ಪಿನ್ನಿನ ಗಾಯ. ಫೋಟೊಗೆ ಕಣ್ಣು ಬಿಡಲೆಂದು ಡೇರೆಯವರು ಚುಚ್ಚುತ್ತಿದ್ದರಂತೆ.

"ಅದಕ್ಕೇ ತಂದ್ಯಾ?"

ಅಮ್ಮಾಜಮ್ಮ ನಿಧಾನವಾಗಿ ಹೇಳಿದಳು. ಹತ್ತು ವರ್ಷದವಳಿದ್ದಾಗ ಅದೇ ಡೇರೆಯಲ್ಲಿ ಅವಳೇ ನಾಗಕನ್ಯೆ. ಪೆಟ್ಟಿಗೆಯ ಮೇಲೆ ಅವಳ ತಲೆ, ಕೆಳಗೆ ಬಟ್ಟೆಯ ಹಾವಿನ ಮೈ. ನಿಜವೋ ಸುಳ್ಳೋ ನೋಡಲು ಜನ ಕೆನ್ನೆಗೆ ಪಿನ್ನು ಚುಚ್ಚುತ್ತಿದ್ದರು.

"ಕೂಗಿದ್ರೆ ಆಟ ಕೆಡುತ್ತೆ ಅಂತ ಬೈಯೋರು, ಮೇಡಂ. ನಾನು ಕೂಗ್ಲಿಲ್ಲ. ಇದಕ್ಕೆ ಕೂಗಕ್ಕೇ ಬರಲ್ಲ."

ಜಪ್ತಿ ಪಂಚನಾಮೆಯಲ್ಲಿ ಕವಿತ ಒಂದೊಂದು ಗಾಯವನ್ನೂ ಬರೆಸಿದರು. ಜೀಪು ಹತ್ತುವ ಮುಂಚೆ ಅಮ್ಮಾಜಮ್ಮ ಒಂದೇ ಮಾತು ಕೇಳಿದಳು.

"ಅವ್ರಿಗೇ ವಾಪಸ್ ಕೊಡ್ತೀರಾ?"

"ನಾನಂತೂ ಕೊಡಲ್ಲ."

ಸಂಜೆ ರಮೇಶ್‌ಬಾಬು ತನ್ನ ಮಾಲು ಕೇಳಿಕೊಂಡು ಬಂದ. ಅಷ್ಟರಲ್ಲಿ ಇಗ್ವಾನಾ ಅರಣ್ಯ ಇಲಾಖೆಯ ವಶದಲ್ಲಿತ್ತು, ಅವನ ಮೇಲೆ ಪ್ರಾಣಿಹಿಂಸೆಯ ಎಫ್‌ಐಆರ್ ಸಿದ್ಧವಾಗುತ್ತಿತ್ತು.

"ನಾಗಕನ್ಯೆ ಆಗಿದ್ದ ಆ ಮಗೂಗೆ ಚುಚ್ಚಿದೋರ ಮೇಲೆ, ಮೇಡಂ?" ಎಂದ ಮುರಳಿಮೋಹನ್.

ಕವಿತ ಸಹಿ ಹಾಕಿ ಪೆನ್ನು ಮುಚ್ಚಿದರು.

"ಅವರೆಲ್ಲಾ ಟಿಕೆಟ್ ತಗೊಂಡಿದ್ರು ಕಣಪ್ಪ."