ಅಫ್ರಾಳ ನೆತ್ತಿತೊಲೆ

ಗುರುವಾರ ಬೆಳಿಗ್ಗೆ ನಾನು ಡಾಕ್ಟ್ರಮ್ಮನ ಅಡಿಗೆಮನೆಯಲ್ಲಿ ಕೂತು ಎರಡನೆಯ ಬಿಳಿ ಸಾಸೇಜಿನ ಸಿಪ್ಪೆ ಸುಲಿಯುತ್ತಿದ್ದಾಗ ಅಫ್ರಾ ಬಾಗಿಲು ತಟ್ಟದೆ ಒಳಗೆ ನುಗ್ಗಿದಳು. ಬೂಟಿನ ತುಂಬ ಕೆಸರು, ಮುಖ ಬಿಳಿಚಿಕೊಂಡಿತ್ತು.

"ಡಾಕ್ಟ್ರಮ್ಮ, ನನ್ನ ನೆತ್ತಿತೊಲೆ ಕದ್ದಿದಾರೆ!"

ನಾನು ನಕ್ಕುಬಿಟ್ಟೆ. ನಮ್ಮ ಹಳ್ಳಿ ಗ್ರಾಸ್ಲಿಂಗ್‌ನಲ್ಲಿ ಇದು ಅಳುವ ಸುದ್ದಿಯೇ ಅಲ್ಲ. ಹೊಸ ಮನೆಯ ಸೂರು ಏಳುವ ಮುಂಚೆ ಊರ ಹುಡುಗರು ಅದರ ನೆತ್ತಿಯ ತೊಲೆಯನ್ನು ಕದ್ದು ಬಚ್ಚಿಡುತ್ತಾರೆ. ಮನೆಯವರು ಬಿಯರು, ಹುರಿದ ಹಂದಿ ಕೊಡುತ್ತೇವೆಂದು ಒಪ್ಪಿದ ಮೇಲೆ ತೊಲೆಗೆ ಹೂ ಮುಡಿಸಿ, ವಾದ್ಯದ ಸಮೇತ ಮೆರವಣಿಗೆಯಲ್ಲಿ ತಂದೊಪ್ಪಿಸುತ್ತಾರೆ. ಇಪ್ಪತ್ತರ ಹರೆಯದಲ್ಲಿ ನಾನೂ ನಾಲ್ಕು ತೊಲೆ ಹೊತ್ತವನು. ಆ ಹೆಗಲುನೋವಿನ ನೆಪದಲ್ಲಿ ಬಸ್ಸು ಓಡಿಸುವ ಕೆಲಸಕ್ಕೆ ರಜೆಯನ್ನೂ ಹಾಕಿದ್ದೆ.

"ಹುರಿದ ಹಂದಿಗೆ ನನ್ನನ್ನೂ ಕರಿ" ಎಂದೆ.

"ತಮಾಷೆ ಸಾಕು, ಕೊರ್ಬಿನಿಯನ್ ಮಾಮ. ಕದ್ದೋರು ಚೀಟಿ ಇಟ್ಟಿಲ್ಲ, ಬಿಯರು ಕೇಳಿಲ್ಲ. ನಾಡಿದ್ದು ಶನಿವಾರ ಕ್ರೇನ್ ಬರುತ್ತೆ. ಅವತ್ತು ಸೂರು ಏಳಲಿಲ್ಲ ಅಂದ್ರೆ ಬಡಗಿಗಳು ಬೇರೆ ಕಡೆ ಹೋಗ್ತಾರೆ, ಆಮೇಲೆ ಹಿಮ ಬೀಳುತ್ತೆ. ಹಿಮಕ್ಕೆ ಮುಂಚೆ ಸೂರು ಏಳದಿದ್ರೆ ಎಲ್ಲಾನೂ ಕಂಟ್ರಾಕ್ಟರ್ ಕೈಗೆ ಒಪ್ಪಿಸ್ತೀನಿ ಅಂತ ಅಪ್ಪನಿಗೆ ಮಾತು ಕೊಟ್ಟಿದೀನಿ."

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅನ್ನುತ್ತಾರಲ್ಲ, ಅಫ್ರಾ ಮೊದಲಿನದನ್ನು ಒಬ್ಬಳೇ ನೋಡುತ್ತಿದ್ದಳು. ಗಾರೆಯವರು, ಕರೆಂಟಿನವರು, ನಲ್ಲಿಯವರು ಎಲ್ಲರನ್ನೂ ತಾನೇ ಗೊತ್ತುಮಾಡಿ, ತಾನೇ ಬೈಸಿಕೊಂಡು, ತಾನೇ ಬೈದು ಗೋಡೆ ಎಬ್ಬಿಸಿದ್ದಳು. ಬಚ್ಚಲಿನ ಕಿಟಕಿಯನ್ನು ಎರಡು ಸಲ ತರಿಸಿದ್ದೂ ಅವಳೇ, ಮೆಟ್ಟಿಲನ್ನು ತಿರುಗುಮುರುಗಾಗಿ ಹೇಳಿ ಮಾಡಿಸಿದ್ದೂ ಅವಳೇ. ಊರು ಅದನ್ನೆಲ್ಲ ಚಪ್ಪರಿಸಿ ಮಾತಾಡಿತ್ತು.

ವಾಲ್ಬುರ್ಗಾ ಡಾಕ್ಟ್ರಮ್ಮ ಮೂವತ್ತು ವರ್ಷ ಹಸು ಕುದುರೆಗಳ ಕಾಯಿಲೆ ನೋಡಿದವರು. "ಬಾಯಿಲ್ಲದ ರೋಗಿಗಳನ್ನ ನೋಡಿ ನೋಡಿ ಬಾಯಿರೋರ ಮಾತು ನಂಬೋದನ್ನೇ ಬಿಟ್ಟೆ" ಅನ್ನುವುದು ಅವರ ಮಾತು. ಊರಲ್ಲಿ ಏನು ಕಳೆದರೂ ಪೊಲೀಸರಿಗಿಂತ ಮೊದಲು ಇವರಿಗೆ ಹೇಳುತ್ತಾರೆ. ಅವರು ಕಾಫಿ ಮುಗಿಸಿ ಎದ್ದರು. ನನ್ನ ಸಾಸೇಜು ತಟ್ಟೆಯಲ್ಲೇ ಉಳಿಯಿತು.

ಅಫ್ರಾ ಕಟ್ಟಿಸುತ್ತಿದ್ದ ಮನೆಯ ಮುಂದೆ ಎರಡು ಕಲ್ಲಿನ ಮೇಲೆ ದಪ್ಪನೆಯ ಮರದ ತುಂಡೊಂದು ಬೆಂಚಿನಂತೆ ಕೂತಿತ್ತು. ನಾವು ಮೂವರೂ ಅದರ ಮೇಲೆ ಕೂತೆವು. ನನ್ನ ಗಾತ್ರದವನಿಗೂ ಆರಾಮಾಗಿ ಜಾಗವಿತ್ತು.

"ಬಡಗಿ ಬಾರ್ಟಲ್ ಮೇಸ್ತ್ರಿ ಮಂಗಳವಾರ ತೊಲೆಯ ತುದಿ ಕೊಯ್ದಾಗ ಉಳಿದ ತುಂಡು ಇದು. ಉಡುಗೊರೆ ಅಂತ ಇಲ್ಲೇ ಕೂರಿಸಿದ್ರು" ಎಂದಳು ಅಫ್ರಾ. "ಸೂರು ಇದರ ಮೇಲೂ ಬರುತ್ತೆ. ಮೊದಲಿನ ನಕ್ಷೇಲಿ ಇಷ್ಟು ಚಾಚಿರಲಿಲ್ಲ. ಮಳೇಲೂ ಅಮ್ಮ ಇಲ್ಲಿ ಕೂತು ಬಟಾಣಿ ಸುಲೀಬೇಕು ಅಂತ ಬೇಸಿಗೇಲಿ ಮೇಸ್ತ್ರಿಗೆ ಹೇಳಿದ್ದೆ. ಊಟ ಮಾಡ್ತಾ ಹೂಂ ಅಂದ್ರು."

ತೊಲೆ ಇದ್ದ ಜಾಗವನ್ನು ಡಾಕ್ಟ್ರಮ್ಮ ಸುತ್ತು ಹಾಕಿ ನೋಡಿದರು. ಸುತ್ತಲೂ ಮೆತ್ತನೆಯ ಜೇಡಿಮಣ್ಣು, ಅದರಲ್ಲಿ ಒಂದೆರಡು ಜೋಡಿ ಬೂಟಿನ ಗುರುತು. ದಾರಿಯ ಕಡೆಯಲ್ಲಿ ಲಾರಿ ಟ್ರೇಲರುಗಳ ಗಾಲಿಗುರುತು ಬೇಕಾದಷ್ಟಿತ್ತು. ತೊಲೆಗೆ ಹೊದಿಸಿದ್ದ ಟಾರ್ಪಾಲನ್ನು ಯಾರೋ ಅಚ್ಚುಕಟ್ಟಾಗಿ ಮಡಚಿ, ಗಾಳಿಗೆ ಹಾರದಂತೆ ಕಲ್ಲಿಟ್ಟಿದ್ದರು.

"ಕೊರ್ಬಿನಿಯನ್, ನೀವು ಹುಡುಗರು ತೊಲೆ ಕದ್ದಾಗ ಟಾರ್ಪಾಲು ಮಡಚ್ತಿದ್ರಾ?"

"ನಾವು ನಮ್ಮ ಹಾಸಿಗೇನೇ ಮಡಚ್ತಿರಲಿಲ್ಲ!"

ಅಷ್ಟರಲ್ಲಿ ಪಕ್ಕದ ಬೇಲಿಯ ಮೇಲಿಂದ ಕ್ವಿರಿನ್ ಇಣುಕಿದ. ಈ ಮನೆ ಎದ್ದರೆ ತನ್ನ ಕಿಟಕಿಗೆ ಬೆಟ್ಟ ಕಾಣುವುದಿಲ್ಲವೆಂದು ವರ್ಷವಿಡೀ ಗೊಣಗಿದವನು. "ನಾನು ಕದ್ದಿಲ್ಲ ಕಣ್ರೀ! ನನಗೆ ಸೊಂಟನೋವು!" ಎಂದು ಯಾರೂ ಕೇಳದೆಯೇ ಕೂಗಿದ.

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ" ಎಂದು ನಾನು ಪಿಸುಗುಟ್ಟಿದೆ. ನನ್ನ ಪ್ರಕಾರ ಪ್ರಕರಣ ಅಲ್ಲಿಗೇ ಮುಗಿದಿತ್ತು.

ಡಾಕ್ಟ್ರಮ್ಮ ಮಾತ್ರ ಯುವಕ ಸಂಘದ ಕಿಲಿಯನ್‌ನ ಕೊಟ್ಟಿಗೆಗೆ ನಡೆದರು. ಅವನಿಗೆ ಕೆಂಡದಂಥ ಕೋಪ ಬಂದಿತ್ತು. "ಶುಕ್ರವಾರ ರಾತ್ರಿಗೆ ನಾವೇ ಹೊಂಚು ಹಾಕಿದ್ವಿ, ಡಾಕ್ಟ್ರಮ್ಮ. ಯಾವನೋ ನಮ್ಮ ಬಾಯಿಗೆ ಮಣ್ಣು ಹಾಕಿದ. ನಾವು ಕದ್ದಿದ್ರೆ ಇಷ್ಟೊತ್ತಿಗೆ ಊರೆಲ್ಲ ಡಂಗುರ ಸಾರ್ತಿದ್ವಿ. ಗಾಡಿ ಮುಟ್ಟದೆ ಹೆಗಲ ಮೇಲೇ ಹೊರಬೇಕು ಅನ್ನೋದು ನಮ್ಮ ನೇಮ. ಹನ್ನೆರಡು ಆಳು ಬೇಕು."

ಕೊನೆಗೆ ಬಾರ್ಟಲ್ ಮೇಸ್ತ್ರಿಯನ್ನು ಹುಡುಕಿದೆವು. ಗಡ್ಡಕ್ಕೆಲ್ಲ ಮರದ ಹೊಟ್ಟು ಮೆತ್ತಿಕೊಂಡು ಅಫ್ರಾಳ ಅಂಗಳದಲ್ಲೇ ಜಂತಿ ಎಣಿಸುತ್ತಿದ್ದ. ನಲವತ್ತು ವರ್ಷ ಊರಿಗೆಲ್ಲ ಸೂರು ಏರಿಸಿದವನು, ಇದು ಅವನ ಕೊನೆಯ ಸೂರು. ಮುಂದಿನದೆಲ್ಲ ಮಗಳ ಕೈಗೆ.

"ಏನೂ ಯೋಚನೆ ಮಾಡಬೇಡ ಮಗಳೇ. ಶನಿವಾರ ತೊಲೆ ಇರುತ್ತೆ. ನೀನು ಹಂದಿ ಹುರಿಯೋದು ನೋಡು" ಎಂದ ಅಫ್ರಾಳಿಗೆ.

"ಕ್ರೇನ್ ಬೇಡ ಅಂತ ಹೇಳಿಲ್ವಾ?" ಡಾಕ್ಟ್ರಮ್ಮ ಕೇಳಿದರು.

"ಯಾಕೆ ಹೇಳಲಿ?"

"ಕೂತ್ಕೋ ಬಾರ್ಟಲ್, ಬೆಂಚು ಚೆನ್ನಾಗಿದೆ."

"ಇಲ್ಲ, ನಿಂತೇ ಅಭ್ಯಾಸ" ಎಂದು ಬೆಂಚಿನ ಕಡೆ ನೋಡದೆಯೇ ಹೊರಟುಹೋದ.

ಶುಕ್ರವಾರ ಸಂಜೆ ಡಾಕ್ಟ್ರಮ್ಮ ಅಫ್ರಾ, ಕ್ವಿರಿನ್, ಕಿಲಿಯನ್, ಮೇಸ್ತ್ರಿ ನಾಲ್ವರನ್ನೂ ಅದೇ ಅಂಗಳಕ್ಕೆ ಕರೆಸಿದರು. ನಾನು ಕ್ವಿರಿನ್‌ನ ಪಕ್ಕ ನಿಂತೆ, ಓಡಿಹೋದರೆ ಹಿಡಿಯೋಣವೆಂದು.

"ಕ್ವಿರಿನ್ ಕದ್ದಿಲ್ಲ" ಎಂದು ಶುರು ಮಾಡಿದರು. ನನ್ನ ಮುಖ ಸಣ್ಣದಾಯಿತು. "ಇವನಿಗೆ ಗೊಣಗೋಕೆ ಬರುತ್ತೆ, ಭಾರ ಎತ್ತೋಕೆ ಬರಲ್ಲ. ಕಿಲಿಯನ್ ಗುಂಪೂ ಅಲ್ಲ. ಹನ್ನೆರಡು ಆಳು ತೊಲೆ ಹೊತ್ತಿದ್ರೆ ಈ ಜೇಡಿಮಣ್ಣು ಹಂದಿ ಹೊರಳಿದ ಹಾಗೆ ಇರಬೇಕಿತ್ತು. ಬೂಟಿನ ಗುರುತು ಒಂದೆರಡು ಜೋಡಿ ಅಷ್ಟೇ. ಅಂದ್ರೆ ತೊಲೆ ಟ್ರೇಲರ್ ಮೇಲೆ, ಮರ ಎತ್ತೋ ಯಂತ್ರದಿಂದ ಹೋಗಿದೆ. ಗಾಲಿಗುರುತು ಇಲ್ಲಿ ದಿನಾ ಇರೋದೇ, ಯಾರೂ ಗಮನಿಸಲ್ಲ. ಟಾರ್ಪಾಲು ಮಡಚಿದ ಕೈ ಸಾಮಾನಿನ ಬೆಲೆ ಗೊತ್ತಿರೋ ಕೆಲಸಗಾರಂದು."

"ಮತ್ತೆ ಬಿಯರು ಯಾಕೆ ಕೇಳಲಿಲ್ಲ?" ಕಿಲಿಯನ್ ಕೇಳಿದ.

"ಅದೇ ಮುಖ್ಯ. ಬಿಯರು ಕೇಳಿದ್ರೆ ಅದೇ ತೊಲೆ ವಾಪಸ್ ಕೊಡಬೇಕು. ಇವನಿಗೆ ಅದೇ ತೊಲೆ ವಾಪಸ್ ಬರೋದು ಬೇಕಿರಲಿಲ್ಲ." ಅವರು ಬೆಂಚನ್ನು ತಟ್ಟಿದರು. "ಸಾಮಿಲ್‌ನವರು ತೊಲೇನ ಬೇಕಾದ್ದಕ್ಕಿಂತ ಒಂದು ಮೊಳ ಉದ್ದ ಕಳಿಸ್ತಾರೆ, ತುದಿ ಸರಿಮಾಡೋಕೆ. ಅಷ್ಟು ಕೊಯ್ದರೆ ಉಳಿಯೋ ತುಂಡಿನ ಮೇಲೆ ಬೆಕ್ಕು ಕೂರಬಹುದು. ನಿನ್ನೆ ಇದರ ಮೇಲೆ ನಾವು ಮೂವರು ಕೂತಿದ್ವಿ, ಅದರಲ್ಲಿ ಒಬ್ಬ ಕೊರ್ಬಿನಿಯನ್! ನಾವು ಕೂತಿದ್ದು ಅಫ್ರಾ ಕೇಳಿದ್ದ ಸೂರಿನ ಚಾಚಿನ ಮೇಲೆ. ತೊಲೇನ ಹಳೇ ನಕ್ಷೆಯ ಅಳತೆಗೆ ಕೊಯ್ದುಬಿಟ್ಟಿದಾರೆ. ತೊಲೆ ಇಲ್ಲದೆಯೂ ಕ್ರೇನ್ ಬರಲಿ ಅನ್ನೋನು ಒಬ್ಬನೇ, ಬೇರೆ ತೊಲೆ ತಯಾರು ಮಾಡ್ತಿರೋನು."

ಬೇಲಿಯೇ ಎದ್ದು ಹೊಲ ಮೇಯ್ದಿತ್ತು! ಎಲ್ಲರೂ ಮೇಸ್ತ್ರಿಯ ಕಡೆ ತಿರುಗಿದೆವು. ಅವನು ಟೋಪಿ ತೆಗೆದು ಕೈಯಲ್ಲಿ ಹಿಂಡುತ್ತಿದ್ದ.

"ಬುಧವಾರ ಸಂಜೆ ಹಿಂದಿನ ಗೋಡೆಯಿಂದ ಚಾಚಿನ ತುದಿವರೆಗೂ ದಾರ ಎಳೆದಾಗ ಗೊತ್ತಾಯ್ತು" ಎಂದ. "ನಲವತ್ತು ವರ್ಷದಲ್ಲಿ ಒಂದು ತೊಲೆ ಗಿಡ್ಡ ಆಗಿಲ್ಲ. ಕೊನೇದು ಹೀಗಾಯ್ತು. ಕದ್ದರು ಅಂದ್ರೆ ಊರು ನಗುತ್ತೆ, ಬಾರ್ಟಲ್ ಅಳತೆ ತಪ್ಪಿದ ಅಂದ್ರೂ ಊರು ನಗುತ್ತೆ. ಮೊದಲನೇ ನಗು ವಾಸಿ ಅನ್ನಿಸ್ತು. ನನ್ನ ಮಗಳ ಮನೆಗೆ ಅಂತ ಒಣಗಿಸಿಟ್ಟಿದ್ದ ಮರ ಕೊಯ್ತಾ ಇದೀನಿ. ಬೆಳಿಗ್ಗೆ ಸೂರು ಏಳುತ್ತೆ ಅಫ್ರಾ, ಅದಂತೂ ಸತ್ಯ."

ಅಫ್ರಾಳ ಕಣ್ಣಲ್ಲಿ ನೀರು ತುಂಬಿತು. ಬೈಯುತ್ತಾಳೆ ಅಂದುಕೊಂಡೆ, ಬೈದಳು ಕೂಡ. "ಎರಡು ದಿನ ನನ್ನ ಗಂಟಲಲ್ಲಿ ಅನ್ನ ಇಳಿದಿಲ್ಲ, ಮೇಸ್ತ್ರಿ! ನಾನು ಮೆಟ್ಟಿಲು ತಿರುಗುಮುರುಗು ಮಾಡಿಸಿದಾಗ ಊರೆಲ್ಲ ನಕ್ಕರು, ನೀವು ನಗಲಿಲ್ಲ. 'ತಪ್ಪು ಬೇಗ ಹೇಳಿದ್ರೆ ಅರ್ಧ ರಿಪೇರಿ ಆದ ಹಾಗೆ' ಅಂದ್ರಿ. ಆ ಮಾತು ನನಗೆ ಮಾತ್ರಾನಾ?"

ಮೇಸ್ತ್ರಿ ಆ ಬೆಂಚಿನ ಮೇಲೆ ಕೂತುಬಿಟ್ಟ.

"ಸಿಕ್ಕಿಬಿದ್ದ ತೊಲೆಗಳ್ಳ ಬಿಯರು ಕೊಡಿಸಬೇಕು, ಅದೂ ನೇಮ" ಎಂದು ಡಾಕ್ಟ್ರಮ್ಮ ಮೆಲ್ಲಗೆ ನೆನಪಿಸಿದರು. "ಉಳಿದದ್ದು ಈ ಬೇಲಿ ದಾಟಲ್ಲ. ಕಿಲಿಯನ್, ಕೇಳಿಸ್ತಾ?"

ಶನಿವಾರ ಬಿಸಿಲು ಬಿದ್ದಿತ್ತು. ಕ್ರೇನು ಹೊಸ ತೊಲೆಯನ್ನು ಎತ್ತಿತು, ಮಧ್ಯಾಹ್ನದೊಳಗೆ ಜಂತಿಗಳೆಲ್ಲ ನಿಂತವು. ಅಫ್ರಾಳ ಅಪ್ಪ ಕತ್ತೆತ್ತಿ ನೋಡಿ, ಕೆಮ್ಮಿ, "ನೆಟ್ಟಗಿದೆ" ಎಂದರು. ಆ ಮನುಷ್ಯನ ಬಾಯಲ್ಲಿ ಅದು ದೊಡ್ಡ ಹೊಗಳಿಕೆ. ನೆತ್ತಿಯಲ್ಲಿ ಬಣ್ಣದ ಪಟ್ಟಿ ಕಟ್ಟಿದ ಪುಟ್ಟ ಫರ್ ಮರ ನಿಲ್ಲಿಸಿದ ಮೇಲೆ, ಬಾರ್ಟಲ್ ಮೇಸ್ತ್ರಿ ಕರಿಯ ಅಂಗಿ ತೊಟ್ಟು ಅದರ ಪಕ್ಕ ನಿಂತ, ಕೈಯಲ್ಲಿ ವೈನಿನ ಗ್ಲಾಸು ಹಿಡಿದು. ಸೂರಿನ ಪದ್ಯ ಹೇಳುವುದು ಅವನ ಹಕ್ಕು. ನಲವತ್ತು ವರ್ಷದಿಂದ ಒಂದೇ ಪದ್ಯ, ನಮಗೆಲ್ಲ ಬಾಯಿಪಾಠ. ಆದರೆ ಅವನು ಹೊಸದೊಂದನ್ನು ಹೇಳಿದ:

"ನಲವತ್ತು ವರುಷ ತೊಲೆಯ ಕೊಯ್ದೆ, ಅಳತೆ ತಪ್ಪಲಿಲ್ಲ,
ಈ ಮನೆಯದೊಂದು ಗಿಡ್ಡವಾಯ್ತು, ಹೇಳೋ ಧೈರ್ಯ ಬರಲಿಲ್ಲ;
ಕದ್ದವ ನಾನೇ, ಬಿಯರೂ ನಂದೇ, ಕುಡೀರಿ ಊರವರೆಲ್ಲ,
ತಪ್ಪು ಒಪ್ಪಿದ ಮನೆಯ ಸೂರು ಎಂದೂ ಸೋರೋದಿಲ್ಲ!"

ಮೇಸ್ತ್ರಿ ವೈನು ಗಟಗಟ ಕುಡಿದು ಗ್ಲಾಸನ್ನು ಎಸೆದ. ಅದು ಒಡೆಯದಿದ್ದರೆ ಮನೆಗೆ ಅಪಶಕುನ. ಗ್ಲಾಸು ಹೋಗಿ ಕ್ವಿರಿನ್‌ನ ಬೇಲಿಗೂಟಕ್ಕೆ ಬಡಿದು ಚೂರುಚೂರಾಯಿತು. ಮೊದಲು ಚಪ್ಪಾಳೆ ತಟ್ಟಿದವನು ಕ್ವಿರಿನ್‌ನೇ. ಆಮೇಲೆ ಎದ್ದ ಕೂಗಿಗೆ ಹಸುಗಳು ಬೆದರಿದವು.

"ನೀವು ಹೇಳ್ಕೊಟ್ಟಿದ್ದಾ?" ಎಂದು ಡಾಕ್ಟ್ರಮ್ಮನನ್ನು ಕೇಳಿದೆ.

"ಇಲ್ಲಪ್ಪ" ಎಂದು ಕಣ್ಣೊರೆಸಿಕೊಂಡರು. "ಇದನ್ನ ಮಾತ್ರ ನಾನೂ ಊಹಿಸಿರಲಿಲ್ಲ."

ಗಿಡ್ಡ ತೊಲೆ ಈಗ ಮೇಸ್ತ್ರಿಯ ಮಗಳ ಮನೆಯ ನೆತ್ತಿಯಲ್ಲಿದೆ. ಅವಳ ಮನೆ ಚಿಕ್ಕದು, ಅಳತೆ ಸರಿಹೋಯಿತು. ಬೆಂಚು ಇದ್ದಲ್ಲೇ ಇದೆ. ಮೊನ್ನೆ ಮಳೆ ಧೋ ಎಂದು ಸುರಿಯುವಾಗ ಅದರ ಮೇಲೆ ಅಫ್ರಾಳ ಅಮ್ಮ, ಬಾರ್ಟಲ್ ಮೇಸ್ತ್ರಿ, ನಾನು ಮೂವರೂ ಕೂತು ಬಟಾಣಿ ಸುಲಿದೆವು. ಒಂದು ಹನಿಯೂ ನಮ್ಮ ಮೇಲೆ ಬೀಳಲಿಲ್ಲ.